ಛಲಕ್ಕೆ ಗಂಟೆಗೆ ಎಷ್ಟು ರೇಟು?

ಮೊನ್ನೆ ಭಾನುವಾರ ಮಡಿಕೇರಿಯಲ್ಲಿ ನನ್ನ ತಮ್ಮನಿಗೆ ಸನ್ಮಾನ ಇತ್ತು. ಫೋಟೋಗೆ ನೀವೆಲ್ಲ ಹಾರ್ಟ್ ಒತ್ತಿದ್ದೀರಿ, ಥ್ಯಾಂಕ್ಸ್. ಅದರಲ್ಲಿ ಎರಡನೇ ಸಾಲಿನಲ್ಲಿ ಮುಖ ಗಂಟು ಹಾಕಿಕೊಂಡು ಕೂತಿರುವ ಹೆಂಗಸು ನಾನೇ. ಏನಾಯ್ತು ನಿಂಗೆ ಅಂತ ಮೂರು ಜನ ಫೋನ್ ಮಾಡಿ ಕೇಳಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡ್ತೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮುಖ್ಯ ಭಾಷಣದವರು ಎದ್ದರು. "ರೈಲೇ ಇಲ್ಲದ ಜಿಲ್ಲೆಯ ಹುಡುಗ ವಿಮಾನ ಹಾರಿಸುತ್ತಿದ್ದಾನೆ" ಎಂದರು. ಒಳ್ಳೇ ಮಾತು, ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಶುರುವಾಯಿತು ನೋಡಿ. "ಮಕ್ಕಳೇ, ದುಡ್ಡು ಮುಖ್ಯ ಅಲ್ಲ, ಛಲ ಮುಖ್ಯ. ಛಲ ಇದ್ದರೆ ದುಡ್ಡು ತಾನಾಗಿ ಬರುತ್ತೆ."

ಇಡೀ ಭಾಷಣದಲ್ಲಿ ಛಲ ಹದಿನಾಲ್ಕು ಸಲ ಬಂತು. ಎಣಿಸಿದೆ. ನಾನು ಲೆಕ್ಕದವಳು ಅಂತ ಗೊತ್ತಲ್ಲ, ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದಿನವಿಡೀ ಚೀಲ ಎಣಿಸಿ ಅದೇ ಚಟ. ದುಡ್ಡು ಎರಡೇ ಸಲ ಬಂತು. ಮುಖ್ಯ ಅಲ್ಲ ಅಂತ ಒಂದು ಸಲ, ತಾನಾಗಿ ಬರುತ್ತೆ ಅಂತ ಇನ್ನೊಂದು ಸಲ.

ತಾನಾಗಿ ಬರುತ್ತಾ? ನಮ್ಮ ಮನೆಗೆ ಅದು ಯಾವ ದಾರಿಯಲ್ಲಿ ಬಂತು ಅಂತ ಹೇಳ್ತೇನೆ ಕೇಳಿ.

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಬೇಕು. ಇದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ, ಇದರಲ್ಲಿ ಚೌಕಾಸಿ ಇಲ್ಲ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ಹುಡುಗನದ್ದೇ ಆಗಿರಬೇಕು. ರಾತ್ರಿ ಹಾರಾಟ ಬೇರೆ, ಬರೀ ಉಪಕರಣ ನೋಡಿಕೊಂಡು ಹಾರಿಸೋದು ಬೇರೆ. ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್, ಟೆಕ್ನಿಕಲ್ ಅಂತ ಪರೀಕ್ಷೆಗಳು, ಪಾಸಾಗಲು ನೂರಕ್ಕೆ 70 ಬೇಕು. ಇದೆಲ್ಲ ಛಲದ ವಿಭಾಗ, ಒಪ್ಪಿದೆ. ಈಗ ನನ್ನ ವಿಭಾಗಕ್ಕೆ ಬನ್ನಿ. ತಮ್ಮ ಹಾರುವಾಗ ಪುಟಾಣಿ ಸೆಸ್ನಾ ವಿಮಾನಕ್ಕೆ ಗಂಟೆಗೆ 14 ಸಾವಿರ. ಎರಡು ಎಂಜಿನ್‌ನದ್ದಕ್ಕೆ ಅದರ ಎರಡು ಪಟ್ಟಿಗೂ ಜಾಸ್ತಿ. ಹಾರಾಟಕ್ಕೇ ಎಲ್ಲ ಸೇರಿ 31 ಲಕ್ಷ. ಬೆಂಗಳೂರಿನ ಕ್ಲಾಸು, ಪಿಜಿ, ಪರೀಕ್ಷೆ, ಮೆಡಿಕಲ್ ತಪಾಸಣೆಗೆ ಮೂರೂವರೆ. ಹಾಸ್ಟೆಲ್ಲು, ಊಟಕ್ಕೆ ನಾಲ್ಕು. ಲೈಸೆನ್ಸ್ ಕೈಗೆ ಬಂದ ಮೇಲೆ ಕೆಲಸ ಅಂತ ತಿಳಿದಿದ್ದೆವು, ನಮ್ಮ ದಡ್ಡತನ. ದೊಡ್ಡ ವಿಮಾನ ಹಾರಿಸೋಕೆ ಆ ಮಾದರಿಗೇ ಅಂತ ಟೈಪ್ ರೇಟಿಂಗ್ ಮಾಡಬೇಕು. ನಮ್ಮವನು ಏರ್‌ಬಸ್ 320ಕ್ಕೆ ಮಾಡಿದ. ಸಿಮ್ಯುಲೇಟರಿನ ಒಳಗೆ ಕೂತು ಕಲಿಯೋದು, ನೆಲ ಬಿಟ್ಟು ಏಳೋದೇ ಇಲ್ಲ, ಅದಕ್ಕೆ 17 ಲಕ್ಷ.

ಒಟ್ಟು 55 ಲಕ್ಷ 50 ಸಾವಿರ. ಬಡ್ಡಿ ಇದರಲ್ಲಿ ಸೇರಿಲ್ಲ. ಬಡ್ಡಿ ಸೇರಿಸಿದರೆ ನನಗೆ ಬಿಪಿ ಏರುತ್ತೆ.

ಈ ದುಡ್ಡು ತಾನಾಗಿ ಬಂದ ಕತೆ ಇದು. ಮೊದಲು ಬ್ಯಾಂಕು. ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕು. ನಮಗೆ ಆಸ್ತಿ ಇಲ್ವಾ? ಉಂಟು, ಕಾಫಿ ತೋಟ ಉಂಟು. ಆದರೆ ಜಮ್ಮಾ ಬಾಣೆ. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ನಗ್ತಾರೆ. ಬೇರೆ ಕಡೆಯವರಿಗೆ ಹೇಳಬೇಕು ಅಂದ್ರೆ, ಅದು ಇಡೀ ಕುಟುಂಬಕ್ಕೆ ಸೇರಿದ ಜಮೀನು, ಆರ್‌ಟಿಸಿಯಲ್ಲಿ ಅಪ್ಪನ ಹೆಸರಿನ ಜೊತೆ ಸತ್ತವರು, ಬದುಕಿರುವವರು, ಮುಂಬೈಗೆ ಹೋಗಿ ನೆಲೆಸಿದವರು ಎಲ್ಲರ ಹೆಸರೂ ಇದೆ. ಬ್ಯಾಂಕಿನ ವಕೀಲರು ಕಾಗದ ತಿರುಗಿಸಿ ನೋಡಿ, "ಇವರೆಲ್ಲ ಬಂದು ಸಹಿ ಹಾಕ್ತಾರಾ?" ಎಂದು ಕೇಳಿದರು. ಅದರಲ್ಲಿ ನಾಲ್ಕು ಜನರ ತಿಥಿಯ ಊಟವನ್ನು ನಾನೇ ಉಂಡಿದ್ದೇನೆ.

ಕೊನೆಗೆ ಚಿಕ್ಕಪ್ಪ ಕುಶಾಲನಗರದ ತಮ್ಮ ಸೈಟನ್ನು ಅಡವಿಟ್ಟರು. ಇದ್ದದ್ದು ಅದೊಂದೇ ಸೈಟು. ಅದರ ಮೇಲೆ 22 ಲಕ್ಷ ಸಿಕ್ಕಿತು. ಅಮ್ಮನ ಒಡವೆ, ನನ್ನ ಮದುವೆಗೆ ಅಂತ ಇಟ್ಟಿದ್ದ ಒಡವೆ, ಕಾಫಿ ವ್ಯಾಪಾರಿಯ ಹತ್ತಿರ ಮುಂದಿನ ಎರಡು ಬೆಳೆಯ ಮೇಲೆ ಮುಂಗಡ. ಇಷ್ಟಾದರೂ ಸಾಲಲಿಲ್ಲ. ಆಮೇಲೆ ಮರ.

ಮರದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ. ತೋಟದ ಮೇಲಿನ ಬದಿಯ 68 ಸಿಲ್ವರ್ ಓಕ್ ಮರ ಕಡಿಸಿದೆವು. ಬಂದದ್ದು 2 ಲಕ್ಷ 72 ಸಾವಿರ. ಅಂದರೆ ಹತ್ತೊಂಬತ್ತು ಗಂಟೆ ಚಿಲ್ಲರೆ ಹಾರಾಟ. ಅಜ್ಜ ನೆಟ್ಟ ಮರಗಳು. ಹೆಚ್ಚಿನವಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿತ್ತು. ಮರ ಹೋದರೆ ಬಳ್ಳಿಯೂ ಹೋಯಿತು, ಕಾಫಿಗೆ ನೆರಳೂ ಹೋಯಿತು. ಅಪ್ಪ ಆ ದಿನ ತೋಟಕ್ಕೆ ಬರಲಿಲ್ಲ. ಜಗಲಿಯಲ್ಲಿ ಕೂತು ಗರಗಸದ ಸದ್ದು ಕೇಳುತ್ತಾ ಇದ್ದರು. ಒಂದೊಂದು ಮರ ಬಿದ್ದಾಗಲೂ ನಾನು ಮನಸ್ಸಿನಲ್ಲೇ ಹದಿನೇಳು ನಿಮಿಷ, ಹದಿನೇಳು ನಿಮಿಷ ಅಂತ ಎಣಿಸಿದೆ. ಮರಕ್ಕೆ ನಾಲ್ಕು ಸಾವಿರ, ಗಂಟೆಗೆ ಹದಿನಾಲ್ಕು ಸಾವಿರ. ನೀವೇ ಭಾಗಿಸಿ ನೋಡಿ.

ಇನ್ನು ಆ ತರಬೇತಿ ಶಾಲೆ. ಹೆಸರು ಬೇಡ. 18 ತಿಂಗಳಲ್ಲಿ ಮುಗಿಸಿ ಕಳಿಸ್ತೇವೆ ಎಂದಿದ್ದರು. 2017ರ ಅಕ್ಟೋಬರ್‌ನಲ್ಲಿ ಸೇರಿದವನು ಮುಗಿಸಿದ್ದು 2020ರ ಡಿಸೆಂಬರ್‌ನಲ್ಲಿ. ಐದು ವಿಮಾನದಲ್ಲಿ ಎರಡು ಯಾವಾಗಲೂ ರಿಪೇರಿಯಲ್ಲಿ. ಕಲಿಸುವವರಿಗೆ ಏರ್‌ಲೈನ್‌ನಲ್ಲಿ ಕೆಲಸ ಸಿಕ್ಕ ಕೂಡಲೇ ಹೊರಟುಬಿಡ್ತಾರೆ, ಅವರದ್ದೂ ತಪ್ಪಲ್ಲ ಬಿಡಿ. ಮಳೆಗಾಲದಲ್ಲಿ ಹಾರುವ ಹಾಗಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತಾದರೂ ಮಂಜು ಎತ್ತೋದಿಲ್ಲ, ಐದು ಕಿಲೋಮೀಟರ್ ದೂರ ಕಣ್ಣಿಗೆ ಕಾಣದಿದ್ದರೆ ಕಲಿಯುವವರನ್ನು ಮೇಲೆ ಬಿಡೋದಿಲ್ಲ. ನಮ್ಮೂರಲ್ಲಿ ಮಂಜು ಬಿದ್ದರೆ ಹೋಂಸ್ಟೇಯವರಿಗೆ ದುಡ್ಡು. ಅಲ್ಲಿ ಮಂಜು ಬಿದ್ದರೆ ನಮ್ಮ ದುಡ್ಡು. ಒಮ್ಮೆ ಮೂರು ತಿಂಗಳಲ್ಲಿ ಅವನು ಹಾರಿದ್ದು ಒಂಬತ್ತು ಗಂಟೆ. ಹಾಸ್ಟೆಲ್ ಬಿಲ್ಲಿಗೆ ಮಾತ್ರ ಮಂಜೂ ಇಲ್ಲ, ಮಳೆಯೂ ಇಲ್ಲ. ಬಡ್ಡಿಗಂತೂ ಕೇಳಲೇಬೇಡಿ.

ಈ ನಡುವೆ 2018ರ ಆಗಸ್ಟ್ ಬಂತು. ಆ ಮಳೆ ಯಾರಿಗೆ ಮರೆಯುತ್ತೆ? ಮಕ್ಕಂದೂರು, ಜೋಡುಪಾಲ ಕಡೆಯ ಗುಡ್ಡಗಳನ್ನು ಅವನು ಹಾಸ್ಟೆಲ್ ಟಿವಿಯಲ್ಲಿ ನೋಡಿದ. ನಮ್ಮ ಮನೆ ಉಳಿಯಿತು, ತೋಟದ ಕೆಳಗಿನ ತುದಿ ಜಾರಿತು, ಕಾಯಿ ಪೂರ್ತಿ ಉದುರಿತು. ಎರಡು ದಿನ ಫೋನ್ ಸಿಗದೆ, ಮೂರನೇ ದಿನ ಸಿಕ್ಕಾಗ ಅಳುತ್ತಿದ್ದ. "ಅಕ್ಕ, ನಾನು ವಾಪಸ್ ಬರ್ಲಾ?" ನಾನು ಏನು ಹೇಳಿದೆ ಗೊತ್ತಾ? "ಬಂದು ಮಣ್ಣು ಎತ್ತುತ್ತೀಯಾ? ಟಿಕೆಟ್ ದುಡ್ಡು ದಂಡ. ಅಲ್ಲೇ ಇದ್ದು ಗಂಟೆ ಮುಗಿಸು." ಊಟ ಮಾಡಿದ್ಯಾ ಅಂತ ಕೇಳಲಿಲ್ಲ. ಆ ಮೂರು ವರ್ಷ ಅವನ ಹತ್ತಿರ ನಾನು ಮಾತಾಡಿದ್ದೇ ಎರಡು ವಿಷಯ. ಎಷ್ಟು ಗಂಟೆ ಆಯ್ತು, ಎಷ್ಟು ಕಳಿಸಬೇಕು.

ಮತ್ತೆ ಭಾಷಣಕ್ಕೆ ಬರ್ತೇನೆ. ಜೆ.ಆರ್.ಡಿ. ಟಾಟಾ ಅವರ ಉದಾಹರಣೆ ಬೇರೆ ಕೊಟ್ಟರು. 1929ರಲ್ಲಿ ಭಾರತದಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲಿಗರು ಅವರು, ನಿಜ. ದೊಡ್ಡ ಮನುಷ್ಯರು, ಅದೂ ನಿಜ. ಅವರ ಮನೆತನದ ಹೆಸರನ್ನು ಇನ್ನೊಂದು ಸಲ ಓದಿ, ನಾನು ಕಾಯ್ತೇನೆ.

ಆಮೇಲೆ ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರು ಹೇಳಿದರು. ಅವರ ವಿಷಯದಲ್ಲಿ ನಾನು ತಮಾಷೆ ಮಾಡೋದಿಲ್ಲ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಮಿಸ್ಟೇರ್ ವಿಮಾನದಲ್ಲಿ ಎದುರಿಸಿ ಕೆಡವಿ, ಅಲ್ಲೇ ಪ್ರಾಣ ಕೊಟ್ಟವರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಮಡಿಕೇರಿಯಲ್ಲಿ ಅವರ ಪ್ರತಿಮೆಯ ಮುಂದೆ ಹೋಗುವಾಗ ಈಗಲೂ ನನ್ನ ಕೈ ಎದೆಗೆ ಹೋಗುತ್ತೆ. ಆದರೆ ವಾಯುಪಡೆಯಲ್ಲಿ ಹಾರಲು ಕಲಿಸುವ ಖರ್ಚು ಸರ್ಕಾರದ್ದು. ಛಲ ನಿಮ್ಮದು, ಪೆಟ್ರೋಲು ದೇಶದ್ದು. ತಮ್ಮನೂ ಮೊದಲು ಸೇನೆ ಸೇರೋಕೆ ಎನ್‌ಡಿಎ ಪರೀಕ್ಷೆ ಬರೆದವನೇ. ಪರೀಕ್ಷೆ ಪಾಸಾಗಿ ಇಂಟರ್‌ವ್ಯೂನಲ್ಲಿ ಎರಡು ಸಲ ವಾಪಸ್ ಬಂದ. ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಕಲಿಯಬಹುದಿತ್ತಲ್ಲ ಅಂತ ಕೇಳುವವರಿಗೆ: ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ್ದೇ ಉಡಾನ್ ಅಕಾಡೆಮಿ ಇದೆ. ಅಲ್ಲೂ ಶುಲ್ಕ ಹತ್ತಾರು ಲಕ್ಷವೇ. ಸರ್ಕಾರಿ ಅಂದ ಕೂಡಲೇ ಬಿಸಿಯೂಟ, ಸೈಕಲ್ಲು ಅಂತ ಅಂದ್ಕೋಬೇಡಿ.

ಗೊತ್ತು, ಈಗ ಯಾರಾದರೂ ಕೆಳಗೆ ಬರೀತಾರೆ. "ದುಡ್ಡಿದ್ದರೂ ಛಲ ಇಲ್ಲದವರು ಪೈಲಟ್ ಆಗೋದಿಲ್ಲ ಮೇಡಂ." ಸರಿ ಸ್ವಾಮಿ. ಆಗೋದಿಲ್ಲ. ಆದರೆ ದುಡ್ಡಿದ್ದು ಛಲ ಇಲ್ಲದವನು ಮನೆಗೆ ಹೋಗಿ ಅಪ್ಪನ ಅಂಗಡಿ ನೋಡ್ಕೊಳ್ತಾನೆ. ಛಲ ಇದ್ದು ದುಡ್ಡು ಮುಗಿದವನು ಏನು ಮಾಡ್ತಾನೆ? ತಮ್ಮನ ರೂಮ್‌ಮೇಟ್ ಒಬ್ಬ ಇದ್ದ. ಇವನಿಗಿಂತ ಚುರುಕು. ನ್ಯಾವಿಗೇಷನ್ ಲೆಕ್ಕವನ್ನು ನಮ್ಮವನಿಗೆ ಹೇಳಿಕೊಟ್ಟವನೇ ಅವನು. 140 ಗಂಟೆಗೆ ಅವನ ಅಪ್ಪನ ಕೈ ಖಾಲಿಯಾಯಿತು. 140 ಗಂಟೆ ಹಾರಿದವನಿಗೆ ಮುಕ್ಕಾಲು ಪೈಲಟ್ ಅಂತ ಯಾರೂ ಮುಕ್ಕಾಲು ಸಂಬಳ ಕೊಡೋದಿಲ್ಲ. ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಅವನ ಸಾಲ ಪೂರ್ತಿ ಇದೆ. ಅವನಿಗೆ ಛಲ ಎಷ್ಟು ಗ್ರಾಂ ಕಮ್ಮಿ ಬಿತ್ತು ಅಂತ ಆ ಭಾಷಣದವರು ತೂಗಿ ಹೇಳಲಿ.

"ಈಗ ಲಕ್ಷಗಟ್ಟಲೆ ಸಂಬಳ ಬರುತ್ತಲ್ಲ, ಇನ್ನೂ ಯಾಕೆ ಅಳ್ತೀರಿ?" ಇದು ನಮ್ಮ ಅತ್ತೆಯ ಪ್ರಶ್ನೆ. ಈಗ, ಅತ್ತೆ. ಈಗ ಬರುತ್ತೆ. 2020ರ ಡಿಸೆಂಬರ್‌ಗೆ ಕಲಿತು ಮುಗಿಸಿ ಬಂದಾಗ ಕೊರೊನಾ. ಇದ್ದ ಪೈಲಟ್‌ಗಳಿಗೇ ಸಂಬಳ ಕಡಿತ, ಹೊಸಬರನ್ನು ಕೇಳುವವರಿಲ್ಲ. ಕೆಲಸ ಇರಲಿ ಇಲ್ಲದಿರಲಿ, ಮೆಡಿಕಲ್ ಮಾತ್ರ ವರ್ಷ ವರ್ಷ ಮಾಡಿಸಲೇಬೇಕು. ಪೈಲಟ್ ಲೈಸೆನ್ಸ್ ಬೀರುವಿನಲ್ಲಿಟ್ಟು ನಮ್ಮ ಹುಡುಗ ಮಾಂದಲಪಟ್ಟಿಗೆ ಟೂರಿಸ್ಟ್ ಜೀಪು ಓಡಿಸಿದ. ಬ್ಯಾಂಕಿನಿಂದ ನೋಟೀಸ್ ಹೋದದ್ದು ಚಿಕ್ಕಪ್ಪನ ಮನೆಗೆ. ಒಂದು ವರ್ಷ ಅಪ್ಪನೂ ಚಿಕ್ಕಪ್ಪನೂ ಮಾತಾಡಲಿಲ್ಲ. ಹುತ್ತರಿ ಹಬ್ಬಕ್ಕೂ ಒಟ್ಟಿಗೆ ಕೂತು ಉಣ್ಣಲಿಲ್ಲ. ಟೈಪ್ ರೇಟಿಂಗ್ 2022ರಲ್ಲಿ, ಮೊದಲ ಸಂಬಳ 2023ರಲ್ಲಿ. ಇನ್ನೊಂದು ತಮಾಷೆ, ಮಾರನೇ ವರ್ಷವೇ ರೋಬಸ್ಟಾ ಚೆರ್ರಿ ಕಾಫಿ ಚೀಲಕ್ಕೆ ಹತ್ತು ಸಾವಿರ ದಾಟಿತು. ನಮಗೆ ಬೇಕಾದಾಗ ಕಾಫಿಗೂ ಬೆಲೆ ಇರಲಿಲ್ಲ, ಮೆಣಸಿಗೂ ಇರಲಿಲ್ಲ. 2016ರಲ್ಲಿ ಕೆಜಿಗೆ 600ರ ಮೇಲಿದ್ದ ಮೆಣಸು 2019ಕ್ಕೆ 350ರ ಆಸುಪಾಸಿಗೆ ಬಂದಿತ್ತು.

ಭಾನುವಾರ ಚಿಕ್ಕಪ್ಪ ಬಂದಿದ್ದರು. ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ. ವೇದಿಕೆಯಿಂದ ಅವರ ಹೆಸರು ಯಾರೂ ಹೇಳಲಿಲ್ಲ. ಸೈಟಿನ ಕಾಗದ ಇನ್ನೂ ಬ್ಯಾಂಕಿನಲ್ಲೇ ಇದೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಹೇಳಿಬಿಡ್ತೇನೆ. ನಾನು ಸಿಎ ಅರ್ಧಕ್ಕೆ ಬಿಟ್ಟದ್ದು ನಿಮಗೆ ಗೊತ್ತು. ಅಮ್ಮನಿಗೆ ಹುಷಾರಿಲ್ಲ ಅಂತ ಎಲ್ಲರಿಗೂ ಹೇಳಿದ್ದೆ. ಅಮ್ಮ ಗುಂಡುಕಲ್ಲಿನ ಹಾಗಿದ್ದರು. ಸಿಎ ಕಲಿಯುವವರ ತರಬೇತಿ, ಆರ್ಟಿಕಲ್‌ಶಿಪ್‌ನ ಸ್ಟೈಪೆಂಡ್‌ನಲ್ಲಿ ಬಡ್ಡಿ ಕಟ್ಟೋಕೆ ಆಗ್ತಿರಲಿಲ್ಲ, ಸಂಬಳದ ಕೆಲಸ ಬೇಕಿತ್ತು. ಯಾರೂ ಬಿಡು ಅನ್ನಲಿಲ್ಲ. ಬಿಡಬೇಡ ಅಂತಲೂ ಅನ್ನಲಿಲ್ಲ. ಹಾಗಾಗಿ ವೇದಿಕೆಯಲ್ಲಿ ಅವನಿಗೆ ಪೇಟ ಇಡುವಾಗ ನನಗೆ ಸಂತೋಷ ಆಯಿತು, ಹೊಟ್ಟೆಯೂ ಸ್ವಲ್ಪ ಉರಿಯಿತು. ಅದೂ ಆ ಗಂಟುಮುಖದಲ್ಲಿ ಸೇರಿದೆ. ತಮ್ಮ, ನೀನು ಇದನ್ನು ಓದ್ತೀಯಾ ಅಂತ ಗೊತ್ತು. ಫೋನ್ ಮಾಡಿ ಸಮಾಧಾನ ಮಾಡಬೇಡ, ಐದನೇ ತಾರೀಕು ಕಂತು ತಪ್ಪದೆ ಹಾಕು.

ಕಾರ್ಯಕ್ರಮ ಮುಗಿದು ಊಟಕ್ಕೆ ಹೋಗುವಾಗ ಒಬ್ಬರು ತಾಯಿ ನನ್ನನ್ನು ಬದಿಗೆ ಕರೆದರು. ಜೊತೆಯಲ್ಲಿ ಪಿಯುಸಿ ಓದುವ ಮಗಳು. ಹುಡುಗಿ ಮಾತಾಡಲಿಲ್ಲ, ತಮ್ಮನ ಯೂನಿಫಾರಂನ ಭುಜದ ಪಟ್ಟಿಯನ್ನೇ ನೋಡುತ್ತಿದ್ದಳು. ತಾಯಿ ಮೆಲ್ಲಗೆ ಕೇಳಿದರು, "ಒಟ್ಟು ಎಷ್ಟಾಯ್ತು ಅಕ್ಕ? ನಿಜ ಹೇಳಿ." ಇಡೀ ಸಭೆಯಲ್ಲಿ ಕೇಳಬೇಕಾದ್ದನ್ನು ಕೇಳಿದವರು ಅವರೊಬ್ಬರೇ. ಆಮಂತ್ರಣ ಪತ್ರಿಕೆಯ ಹಿಂದೆ ಎಲ್ಲ ಬರೆದುಕೊಟ್ಟೆ. ಅವರು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ಮರ ಅಂತ ಬರೆದ ಕಡೆ ಬೆರಳು ನಿಂತಿತು.

"ಅರವತ್ತೆಂಟಾ?"

"ಹೌದು."

"ನಮ್ಮಲ್ಲಿ ನಲವತ್ತು ಇರಬಹುದು" ಎಂದರು.

ಮೊದಲು ಮೆಡಿಕಲ್ ಮಾಡಿಸಿ, ಅದು ಪಾಸಾದ ಮೇಲೆ ಮರದ ಮಾತು ಎಂದೆ.