ಮೊದಲ ರೈಲಿಗೆ ಐದು ಅಡಿ ಹಲಗೆ ಸಾಕು

ಹೋದ ತಿಂಗಳು ನಮ್ಮ ಮನೆಯ ಪುಟ್ಟ ರೈಲಿನ ಫೋಟೊ ಹಾಕಿದ ಮೇಲೆ ಸುಮಾರು ಜನ ಇನ್‌ಬಾಕ್ಸಿನಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ದಾರೆ. "ನಾನೂ ಮಾಡೆಲ್ ರೈಲು ಶುರು ಮಾಡ್ಬೇಕು. ಎಂಟು ಬೈ ನಾಲ್ಕು ಪ್ಲೈವುಡ್ ತಂದಿಟ್ಟಿದ್ದೀನಿ. ಯಾವ ಹಳಿ ತಗೊಳ್ಳಲಿ?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಹಳಿ ಆಮೇಲೆ ನೋಡೋಣ. ಮೊದಲು ಆ ಪ್ಲೈವುಡ್ಡನ್ನು ಹಾಗೇ ಗೋಡೆಗೆ ಒರಗಿಸಿಡಿ.

ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಒಂದು ಪೂರ್ತಿ ಶೀಟು, ಅದರ ಮೇಲೆ ಮೊಟ್ಟೆಯಾಕಾರದ ಒಂದು ಸುತ್ತು, ಒಂದು ಗುಡ್ಡ, ಸುರಂಗ, ಮೇಲೊಂದು ಸೇತುವೆ. ಸಕಲೇಶಪುರದ ಘಾಟಿ ಕಣ್ಣ ಮುಂದಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಳಿಯ ಏರಿಳಿತ 50ಕ್ಕೆ 1. ಅಂದರೆ 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಮಾಡೆಲ್ಲಿನಲ್ಲೂ ಅದಕ್ಕಿಂತ ಜಾಸ್ತಿ ಏರು ಇಡಬೇಡಿ ಅಂತಲೇ ಹೇಳುವುದು. ಈಗ ಲೆಕ್ಕ ಹಾಕಿ. ಎಚ್‌ಒ ಸೈಜಿನಲ್ಲಿ, ಅಂದರೆ ಅಸಲಿಯ 87ರಲ್ಲಿ ಒಂದು ಪಾಲಿನಲ್ಲಿ, ಒಂದು ಹಳಿಯ ಮೇಲೆ ಇನ್ನೊಂದು ಹಾಯಬೇಕಾದರೆ ಸೇತುವೆಯ ದಪ್ಪವೂ ಸೇರಿ ನಾಲ್ಕು ಇಂಚು ಎತ್ತರ ಬೇಕು. ನಾಲ್ಕು ಇಂಚು ಏರಲು 200 ಇಂಚು ಹಳಿ ಬೇಕು. ಹತ್ತಿರ ಹತ್ತಿರ 17 ಅಡಿ. ಆ ಶೀಟಿನ ಮೇಲೆ ನಾನು ಹಾಕಿದ್ದ ಇಡೀ ಸುತ್ತೇ ಸುಮಾರು 18 ಅಡಿ. ಏರಿದ್ದು ಇಳಿಯಲೂ ಬೇಕಲ್ವಾ? ಎಲ್ಲವನ್ನೂ ಅಷ್ಟರಲ್ಲೇ ತುರುಕಿದೆ. ಮೂರು ಬೋಗಿ ಕಟ್ಟಿದರೆ ಎಂಜಿನ್ ಅರ್ಧ ಏರಿನಲ್ಲಿ ನಿಂತು ಚಕ್ರ ಮಾತ್ರ ತಿರುಗಿಸುತ್ತಿತ್ತು.

ಇನ್ನೊಂದು ತೊಂದರೆ ಕೈಯದು. ಶೀಟಿನ ಅಗಲ ನಾಲ್ಕು ಅಡಿ. ನನ್ನ ಕೈ ಸಲೀಸಾಗಿ ಚಾಚುವುದು ಎರಡೂವರೆ ಅಡಿ. ಟೇಬಲನ್ನು ಗೋಡೆಗೆ ಒತ್ತರಿಸಿ ಇಟ್ಟಿದ್ದೆ, ಒಂದು ಹಳಿ ಎರಡಾಗಿ ಕವಲೊಡೆಯುವ ಪಾಯಿಂಟನ್ನು ಆಚೆ ಮೂಲೆಯ ಸುರಂಗದೊಳಗೆ ಹಾಕಿದ್ದೆ. ಬೋಗಿ ಹಳಿ ತಪ್ಪುತ್ತಿದ್ದುದು ಪ್ರತಿ ಸಲ ಅಲ್ಲೇ. ಕೊನೆಗೊಂದು ದಿನ ಗುಡ್ಡವನ್ನೇ ಕೊಯ್ದು ಬೋಗಿ ತೆಗೆಯಬೇಕಾಯಿತು. ತಿಂಗಳುಗಟ್ಟಲೆ ಕೂತು ಮಾಡಿದ ಗುಡ್ಡ. ತುಂಬಾ ಸಂಕಟವಾಯಿತು.

ಅಳತೆಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಚೆನ್ನೈನ ಐಸಿಎಫ್ ಕಾರ್ಖಾನೆಯ ನಮ್ಮ ನೀಲಿ ಬೋಗಿಯ ಉದ್ದ ಸುಮಾರು 22 ಮೀಟರ್. ಎಚ್‌ಒದಲ್ಲಿ ಅದು 25 ಸೆಂಟಿಮೀಟರ್ ಆಗುತ್ತದೆ. ಇಪ್ಪತ್ತು ಬೋಗಿಯ ಎಕ್ಸ್‌ಪ್ರೆಸ್ ಅಂದರೆ ಐದು ಮೀಟರ್, ನಮ್ಮ ಹಾಲ್‌ಗಿಂತ ಉದ್ದ. ತಿರುವಿನದೂ ಅದೇ ಕಥೆ. ಬ್ರಾಡ್ ಗೇಜ್‌ನಲ್ಲಿ ಅತಿ ಬಿಗಿ ತಿರುವಿನ ತ್ರಿಜ್ಯ 175 ಮೀಟರ್. ಅದನ್ನು 87ರಿಂದ ಭಾಗಿಸಿದರೆ ಎರಡು ಮೀಟರ್. ಎಂಟು ಬೈ ನಾಲ್ಕು ಶೀಟಿನಲ್ಲಿ ಸಾಮಾನ್ಯವಾಗಿ ಹಾಕುವುದು 18 ಇಂಚಿನ ತಿರುವು, ಅರ್ಧ ಮೀಟರೂ ಇಲ್ಲ. ಉದ್ದನೆಯ ಬೋಗಿ ಅಲ್ಲಿ ತಿರುಗುವಾಗ ನಡುಭಾಗ ಹಳಿಯಿಂದ ಒಳಗೆ ಸರಿದು, ತುದಿಗಳು ಹೊರಗೆ ಚಾಚುತ್ತವೆ. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಇಡೀ ರೈಲ್ವೆಯನ್ನು ಮನೆಗೆ ತರಲು ಹೋಗಬೇಡಿ, ರೈಲ್ವೆಯ ಒಂದು ಕೆಲಸವನ್ನು ಆರಿಸಿಕೊಳ್ಳಿ ಅನ್ನುವುದಕ್ಕೆ ಹೇಳುತ್ತಿದ್ದೇನೆ.

ಏನು ಕೆಲಸ? ತಾಳಗುಪ್ಪವನ್ನೇ ನೋಡಿ. ಹಳಿ ಅಲ್ಲಿಗೆ ಮುಗಿಯುತ್ತದೆ. ಬಂದ ರೈಲು ವಾಪಸ್ ಹೋಗಬೇಕಾದರೆ ಎಂಜಿನ್ ಕಳಚಿ, ಪಕ್ಕದ ಲೈನಿನಲ್ಲಿ ಹಿಂದಕ್ಕೆ ಬಂದು, ಇನ್ನೊಂದು ತುದಿಗೆ ಕಟ್ಟಿಕೊಳ್ಳಬೇಕು. ಎರಡು ಪಾಯಿಂಟ್, ಒಂದು ಲೂಪ್ ಲೈನ್, ಅಷ್ಟೇ. ನಾನು ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಂಜಿನ್ ಸುತ್ತಿ ಬರುವುದನ್ನು ಪೂರ್ತಿ ನೋಡಿದ್ದೇನೆ. ಸುಮ್ನೆ ಗಿರಗಿರ ಸುತ್ತುವ ರೈಲನ್ನು ಹತ್ತು ನಿಮಿಷ ನೋಡಬಹುದು. ಕೆಲಸ ಮಾಡುವ ರೈಲನ್ನು ದಿನವೂ ನೋಡಬಹುದು.

ಜಾಗ ಇನ್ನೂ ಕಮ್ಮಿ ಇದ್ದರೆ ಇಂಗಲ್‌ನುಕ್ ಇದೆ. ಇಂಗ್ಲೆಂಡಿನ ಅಲನ್ ರೈಟ್ ಅನ್ನುವವರು ರೂಪಿಸಿದ ಶಂಟಿಂಗ್ ಆಟ, ಅಂದರೆ ಎಂಜಿನ್‌ನಿಂದ ವ್ಯಾಗನ್‌ಗಳನ್ನು ಹಿಂದೆ ಮುಂದೆ ಎಳೆದು ತಳ್ಳಿ ಜೋಡಿಸುವ ಆಟ. ಎರಡು ಪಾಯಿಂಟ್, ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಸಬೇಕು, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಓಡಾಡುವ ತುದಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ ನಿಲ್ಲಬೇಕು. ಒಟ್ಟು ಎಂಟು ವ್ಯಾಗನ್. ಅದರಲ್ಲಿ ಯಾವುದೋ ಐದನ್ನು ಹೇಳಿದ ಕ್ರಮದಲ್ಲೇ ಜೋಡಿಸಿ ನಿಲ್ಲಿಸುವುದು ಆಟ. ಚಿಕ್ಕ ನಾಲ್ಕು ಚಕ್ರದ ವ್ಯಾಗನ್ ಆದರೆ ಎಚ್‌ಒದಲ್ಲೂ ಐದು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಸಾಕು. ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲ್ ಆದರೆ ಹೆಚ್ಚುಕಮ್ಮಿ ಇದರ ಅರ್ಧ ಸಾಕು. ಅದರ ಹಳಿಯ ಅಗಲ 9 ಮಿಲಿಮೀಟರ್, ಎಚ್‌ಒದ್ದು 16.5. ಆದರೆ ಚಾಳೀಸು ದಾಟಿದ ಕಣ್ಣಿಗೆ, ದಪ್ಪ ಬೆರಳಿಗೆ ಎಚ್‌ಒ ವಾಸಿ.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಹಳೇ ಪೇಪರ್ ನೆಲದ ಮೇಲೆ ಹಾಸಿ, ಅಂಟಿಸಿ, ಹಳಿಯನ್ನು ಮಾಡೆಲ್ಲಿನ ಪೂರ್ತಿ ಅಳತೆಯಲ್ಲೇ ಸ್ಕೆಚ್ ಪೆನ್ನಿನಿಂದ ಬರೆಯಿರಿ. ಪಾಯಿಂಟಿನ ನಕಲನ್ನು ಸರಿ ಸೈಜಿಗೆ ಪ್ರಿಂಟ್ ತೆಗೆದು ಕತ್ತರಿಸಿ ಇಡಿ. ವ್ಯಾಗನ್ ಬದಲು ಅದೇ ಉದ್ದದ ರಟ್ಟಿನ ತುಂಡು. ಕೈಯಲ್ಲಿ ತಳ್ಳುತ್ತಾ ಆಡಿ. ಪೇಪರಿನ ಮೇಲೆ ಗೆರೆ ಎಳೆಯುವಾಗ ಪಾಯಿಂಟ್ ತೀರ ಚಿಕ್ಕದು ಅನ್ನಿಸುತ್ತದೆ, ನಿಜವಾಗಿ ಅದೇ ಒಂದು ಗೇಣು ಜಾಗ ತಿನ್ನುತ್ತದೆ. ನಾನು ಮೂರನೇ ಸೈಡಿಂಗ್ ಎರಡು ಇಂಚು ಗಿಡ್ಡವಾಗಿದ್ದನ್ನು ಕಂಡುಹಿಡಿದದ್ದು ಹೀಗೇ, ರಟ್ಟಿನ ಕೊನೇ ತುಂಡು ಪಾಯಿಂಟಿನ ಬಾಯಿಗೆ ಅಡ್ಡ ನಿಂತಾಗ. ಹಳಿಯನ್ನು ಗರಗಸದಲ್ಲಿ ಕೊಯ್ದ ಮೇಲೆ ಗೊತ್ತಾಗಿದ್ದರೆ?

ಕರೆಂಟಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಎಂಜಿನ್‌ಗೆ 12 ವೋಲ್ಟಿನ ಡಿಸಿ ಕಂಟ್ರೋಲರ್ ಧಾರಾಳ ಸಾಕು. ಒಂದನ್ನು ಮಾತ್ರ ನೆನಪಿಡಿ. ಹಳಿ ಕವಲೊಡೆದು ಗಿರಕಿ ಹೊಡೆದು, ರೈಲು ಬಂದ ಹಳಿಗೇ ಉಲ್ಟಾ ಮುಖವಾಗಿ ವಾಪಸ್ ಸೇರುವಂತೆ ಹಾಕಿದರೆ ಎಡಹಳಿ ಬಲಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಮೊದಲ ಲೇಔಟಿನಲ್ಲಿ ಅದು ಬೇಡ. ಪ್ಲೈವುಡ್ಡಿಗೆ ಅಡಿ ಬದಿಯಲ್ಲೂ ಪೇಂಟ್ ಹೊಡೆಯಿರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಡೊಂಕಾಗುತ್ತದೆ.

ನಮ್ಮ ಹಲಗೆ ಈಗ ಪುಸ್ತಕದ ಕಪಾಟಿನ ಮೇಲಿದೆ. ಗುಡ್ಡ ಇಲ್ಲ, ಸುರಂಗ ಇಲ್ಲ. ರಾತ್ರಿ ಊಟ ಆದ ಮೇಲೆ ಮಗಳು ಸ್ಟೀಲ್ ಲೋಟದಲ್ಲಿ ಎಂಟು ಚೀಟಿ ಹಾಕಿ ಕುಲುಕುತ್ತಾಳೆ. ಐದು ಎತ್ತುತ್ತಾಳೆ. ಕ್ರಮ ಅವಳು ಓದುತ್ತಾಳೆ, ಶಂಟಿಂಗ್ ನನ್ನದು. ಎಂಟರಲ್ಲಿ ಐದನ್ನು 6720 ರೀತಿಯಲ್ಲಿ ಜೋಡಿಸಬಹುದು ಅಂತ ಅವಳೇ ಲೆಕ್ಕ ಹಾಕಿ ಹಲಗೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದಾಳೆ. ಆಡಿದ ಒಂದೊಂದು ಆಟಕ್ಕೂ ಅದರ ಕೆಳಗೆ ಒಂದು ಗೀಟು. ನಿನ್ನೆಗೆ 41.