ರೈಟ್ ಎಲ್ಲಿದೆ ಸರ್?

ಕಳೆದ ವಾರ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಂಧನೂರು ಕಡೆಯ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲು, ಮಧ್ಯಾಹ್ನ ಮೂರರ ಹೊತ್ತು. ಅರ್ಧ ತರಗತಿ ತೂಕಡಿಸುತ್ತಿತ್ತು. ಆಕೆ ಮಾತ್ರ ಮಿನಿಕ್ಸ್ 3 ಎಂಬ ಆಪರೇಟಿಂಗ್ ಸಿಸ್ಟಂನ ಸೋರ್ಸ್ ಕೋಡ್ ತೆರೆದಿಟ್ಟುಕೊಂಡು ಒಂದು ಗಂಟೆಯಿಂದ ಏನನ್ನೋ ಹುಡುಕುತ್ತಿದ್ದಳು. ಕೊನೆಗೆ ಎದ್ದು ಬಂದು ಹೇಳಿದಳು: "ಸರ್, ಕರ್ನಲ್ ಫೋಲ್ಡರ್ ಪೂರ್ತಿ ನೋಡಿದೆ. ಫೈಲಿಗೆ ಬರೆಯುವ ರೈಟ್ ಅಲ್ಲಿ ಇಲ್ಲವೇ ಇಲ್ಲ. ಸಿಸ್ಟಂ ಕಾಲ್ ಎಂದರೆ ಕರ್ನಲ್ ಮಾಡಿಕೊಡುವ ಕೆಲಸ ಎಂದು ನೀವೇ ಹೇಳಿಕೊಟ್ಟಿದ್ದೀರಿ. ಹಾಗಾದರೆ ರೈಟ್ ಎಲ್ಲಿದೆ ಸರ್?"

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಯಂತ್ರವನ್ನು ನೇರವಾಗಿ ಆಳುವ ಭಾಗ. ಆಕೆ ತಪ್ಪು ಫೋಲ್ಡರ್ ತೆರೆದಿರಲಿಲ್ಲ. ಲಿನಕ್ಸ್‌ಗೆ ಒಪ್ಪುವ ಮಾತನ್ನು ಎಲ್ಲಾ ಆಪರೇಟಿಂಗ್ ಸಿಸ್ಟಂಗಳಿಗೂ ಒಪ್ಪುವಂತೆ ಹೇಳಿಕೊಟ್ಟವನು ನಾನು. ಎಷ್ಟೋ ವರ್ಷಗಳಿಂದ ಹಾಗೆಯೇ ಹೇಳಿಕೊಡುತ್ತಾ ಬಂದಿದ್ದೇನೆ. ಇದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ: ಈ ಭಾಗದಲ್ಲಿ ಇದೇ ವಿಷಯ ಕಲಿಸುವ ಬಹಳಷ್ಟು ಮಂದಿ ಇದನ್ನು ಓದುತ್ತೀರಿ, ನೀವೂ ಹಾಗೆಯೇ ಕಲಿಸುತ್ತಿರುತ್ತೀರಿ.

ಲಿನಕ್ಸ್‌ನಲ್ಲಿ ನಡೆಯುವುದು ಸರಳ. ಪ್ರತಿ ಸಿಸ್ಟಂ ಕಾಲ್‌ಗೂ ಒಂದು ಸಂಖ್ಯೆ. ಇಂದಿನ 64 ಬಿಟ್ ಇಂಟೆಲ್ ಯಂತ್ರಗಳಲ್ಲಿ ರೈಟ್‌ನ ಸಂಖ್ಯೆ 1. ಸಿ ಲೈಬ್ರರಿ, ಅಂದರೆ ಪ್ರೋಗ್ರಾಂಗಳು ಕರೆಯುವ ಸಿದ್ಧ ಫಂಕ್ಷನ್‌ಗಳ ಸಂಗ್ರಹ, ಆ ಸಂಖ್ಯೆಯನ್ನೂ ಮೂರು ಮಾಹಿತಿಗಳನ್ನೂ ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಇಟ್ಟು ಒಂದೇ ಒಂದು ಆದೇಶ ಕೊಡುತ್ತದೆ, ಯಂತ್ರ ಕರ್ನಲ್ ಒಳಕ್ಕೆ ಜಿಗಿಯುತ್ತದೆ. ಫೈಲ್ ವ್ಯವಸ್ಥೆ, ನೆಟ್‌ವರ್ಕ್, ಡಿಸ್ಕನ್ನು ನಡೆಸುವ ಡ್ರೈವರ್ ಎಲ್ಲವೂ ಅಲ್ಲೇ ಒಂದೇ ಸೂರಿನಡಿ ಇವೆ. ಮರಳಿ ಬರುವಾಗ ಉತ್ತರ ಋಣಸಂಖ್ಯೆಯಾಗಿದ್ದರೆ ಲೈಬ್ರರಿ ಅದರ ಋಣಚಿಹ್ನೆ ತೆಗೆದು ಎರ್‌ನೋ ಎಂಬ ಜಾಗದಲ್ಲಿ ಬರೆದಿಟ್ಟು ನಮ್ಮ ಕೈಗೆ ಮೈನಸ್ ಒಂದನ್ನು ಕೊಡುತ್ತದೆ. ಹೀಗಾಗಿ ಸಿ ಲೈಬ್ರರಿ ಎಂದರೆ ತೆಳ್ಳನೆಯ ಹೊದಿಕೆ ಎಂದು ನಮಗೆ ಅನಿಸಿಬಿಟ್ಟಿದೆ.

ಮೈಕ್ರೋಕರ್ನಲ್‌ನಲ್ಲಿ ಆ ಸೂರೇ ಇಲ್ಲ. ಅಲ್ಲಿ ಕರ್ನಲ್ ಇಟ್ಟುಕೊಳ್ಳುವುದು ಬಹಳ ಸ್ವಲ್ಪ: ಓಡುತ್ತಿರುವ ಒಂದು ಪ್ರೋಗ್ರಾಂನಿಂದ, ಅಂದರೆ ಪ್ರೊಸೆಸ್‌ನಿಂದ, ಇನ್ನೊಂದಕ್ಕೆ ಸಂದೇಶ ಒಯ್ಯುವುದು, ಪ್ರೊಸೆಸರ್ ಸಮಯ ಹಂಚುವುದು, ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈಹಾಕದಂತೆ ಕಾಯುವುದು. ಫೈಲ್ ನೋಡಿಕೊಳ್ಳುವುದು ಬೇರೊಂದು ಸಾಮಾನ್ಯ ಪ್ರೋಗ್ರಾಂ, ನೆಟ್‌ವರ್ಕ್ ಮತ್ತೊಂದು, ಡಿಸ್ಕ್ ಇನ್ನೊಂದು. ಹೀಗೆ ಬೇರೆಯವರ ಕೋರಿಕೆ ನಡೆಸಿಕೊಡುವ ಪ್ರೋಗ್ರಾಂಗೆ ಸರ್ವರ್ ಎನ್ನುತ್ತಾರೆ. ಆಂಡ್ರ್ಯೂ ಟ್ಯಾನೆನ್‌ಬಾಮ್ 1987ರಲ್ಲಿ ಪಾಠಕ್ಕೆಂದು ಮಿನಿಕ್ಸ್ ಬರೆದರು. 2005ರಲ್ಲಿ ಬಂದ ಮಿನಿಕ್ಸ್ 3ರಲ್ಲಿ ಡ್ರೈವರುಗಳನ್ನೂ ಕರ್ನಲ್‌ನಿಂದ ಹೊರಗೆ ಹಾಕಿದರು. ಅಂಥ ಕರ್ನಲ್‌ಗೆ ಫೈಲ್ ಎಂದರೇನು ಎಂಬುದೇ ತಿಳಿಯದು. ಅಲ್ಲಿ ರೈಟ್ ಸಿಗುವುದಾದರೂ ಹೇಗೆ?

ಆ ದಿನ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರ್ನಲ್ ಫೋಲ್ಡರ್ ಮುಚ್ಚಿಸಿ, ಸಿ ಲೈಬ್ರರಿಯ ಫೋಲ್ಡರ್ ತೆರೆಸಿದೆ. ಅಲ್ಲಿ ರೈಟ್ ಎಂಬ ಫೈಲ್ ಇದೆ, ಕೆಲಸ ಮಾಡುವ ಸಾಲುಗಳು ಏಳೇ ಏಳು. ಮೊದಲು ಒಂದು ಖಾಲಿ ಸಂದೇಶ. ಅದನ್ನು ಸೊನ್ನೆಗಳಿಂದ ತುಂಬಿಸಿ ಶುಚಿ ಮಾಡುವುದು. ಆಮೇಲೆ ಒಂದೊಂದೇ ಕಲಂ ತುಂಬುವುದು: ಯಾವ ಫೈಲ್ ಸಂಖ್ಯೆ, ಎಷ್ಟು ಬೈಟು, ಬರೆಯಬೇಕಾದ ಅಕ್ಷರಗಳು ನನ್ನ ಮೆಮೊರಿಯಲ್ಲಿ ಎಲ್ಲಿವೆ. ಕೊನೆಯ ಸಾಲಿನಲ್ಲಿ ಆ ಸಂದೇಶವನ್ನು ವಿಎಫ್ಎಸ್ ಎಂಬ ಫೈಲ್ ಸರ್ವರ್‌ಗೆ ಕಳುಹಿಸಿ ಉತ್ತರಕ್ಕಾಗಿ ಕಾಯುವುದು. ಇಡೀ ಸಂದೇಶ 64 ಬೈಟ್. ಅದರಲ್ಲಿ ಎಂಟು ಬೈಟ್ ಕಳುಹಿಸಿದವರು ಯಾರು, ಕೇಳಿದ್ದು ಏನು ಎಂಬುದಕ್ಕೆ ಹೋಗುತ್ತದೆ. ಉಳಿದ 56ರಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಬೇಕು. ನಾವು ಬರೆಯಬೇಕೆಂದ ಅಕ್ಷರಗಳು ಆ ಸಂದೇಶದೊಳಗೆ ಇಲ್ಲ, ಅವು ಇರುವ ವಿಳಾಸ ಮಾತ್ರ ಇದೆ. ಅಕ್ಷರಗಳನ್ನು ನಮ್ಮ ಮೆಮೊರಿಯಿಂದ ಎತ್ತಿ ಬೇಕಾದಲ್ಲಿಗೆ ನಕಲು ಮಾಡುವುದು, ಅನುಮತಿ ನೋಡಿದ ಮೇಲೆ, ಕರ್ನಲ್‌ನ ಕೆಲಸ.

ಆಕೆ ಆ ಏಳು ಸಾಲುಗಳನ್ನು ಮೂರು ಸಲ ಓದಿದಳು. ಆಮೇಲೆ ಪ್ರೊಸೆಸ್ ಸಂಖ್ಯೆ ಕೊಡುವ ಗೆಟ್‌ಪಿಡ್ ತೆರೆದಳು. ಅದೂ ಸಂದೇಶವೇ, ಪ್ರೊಸೆಸ್‌ಗಳನ್ನು ನೋಡಿಕೊಳ್ಳುವ ಪಿಎಂ ಎಂಬ ಸರ್ವರ್‌ಗೆ. "ನನ್ನ ಸಂಖ್ಯೆ ಎಷ್ಟು ಎಂದು ಕೇಳುವುದಕ್ಕೂ ಪತ್ರ ಬರೆಯಬೇಕೇ ಸರ್?" ಎಂದಳು. ಹೌದಮ್ಮ, ಅದಕ್ಕೂ ಬರೆಯಬೇಕು ಎಂದೆ.

ಪತ್ರ ಎಂಬ ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಅಪ್ಪ. ಮಾನ್ವಿಯಲ್ಲಿ ಕಚೇರಿಗಳ ಎದುರಿನ ಬೇವಿನ ಮರದ ಕೆಳಗೆ ಅಪ್ಪ ಅರ್ಜಿ ಬರೆಯುತ್ತಿದ್ದರು. ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ರಟ್ಟು, ಎರಡು ಹಾಳೆಗಳ ನಡುವೆ ಕಾರ್ಬನ್. ರೈತರು ಬಂದು, "ಯಜಮಾನರೇ, ಹೊಲ ನನ್ನ ಹೆಸರಿಗೆ ಆಗಬೇಕು" ಎನ್ನುತ್ತಿದ್ದರು. ಅಷ್ಟೇ. ಅಪ್ಪ ಕೇಳುತ್ತಿದ್ದರು: ತಂದೆ ತೀರಿಕೊಂಡರೋ, ಖರೀದಿಯೋ, ಅಣ್ಣತಮ್ಮಂದಿರ ಭಾಗವೋ? ಪೌತಿ ಖಾತೆಯಾದರೆ ಒಂದು ಕಚೇರಿ, ಖರೀದಿ ನೋಂದಣಿಯಾದರೆ ಇನ್ನೊಂದು, ಹದ್ದುಬಸ್ತು ಆಗಬೇಕಾದರೆ ಸರ್ವೆಯವರ ಹತ್ತಿರ. ಯಾವ ಕಲಂ ತುಂಬಬೇಕು, ಯಾವುದನ್ನು ಖಾಲಿ ಬಿಡಬೇಕು, ಯಾವ ಮೇಜಿಗೆ ಹೋಗಬೇಕು ಎಂಬುದೆಲ್ಲ ಅಪ್ಪನಿಗೆ ಗೊತ್ತಿತ್ತು. ರೈತರು ಆಡುತ್ತಿದ್ದುದು ಒಂದೇ ವಾಕ್ಯ. ಮಿನಿಕ್ಸ್‌ನ ಸಿ ಲೈಬ್ರರಿ ಮಾಡುವುದು ಅಕ್ಷರಶಃ ಈ ಕೆಲಸವನ್ನೇ. ಪ್ರೋಗ್ರಾಂ ಬರೆಯುವವರು ರೈಟ್ ಎಂದರೆ ಸಾಕು. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಬಂದ ಉತ್ತರವನ್ನು ಕೇಳಿದವರ ಭಾಷೆಯಲ್ಲಿ ಹೇಗೆ ಹೇಳಬೇಕು, ಎಲ್ಲವೂ ಲೈಬ್ರರಿಯ ತಲೆನೋವು.

ಇಷ್ಟೇ ಆಗಿದ್ದರೆ ಲೈಬ್ರರಿ ಸ್ವಲ್ಪ ದಪ್ಪ ಹೊದಿಕೆ ಎಂದು ಹೇಳಿ ಮುಗಿಸಬಹುದಿತ್ತು. ಗ್ನೂ ಹರ್ಡ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ನೋಡಿದ ಮೇಲೆ ನನಗೆ ಹಾಗೆ ಹೇಳುವ ಧೈರ್ಯ ಉಳಿದಿಲ್ಲ. ಹರ್ಡ್ ಕೆಲಸ ಆರಂಭವಾದದ್ದು 1990ರಲ್ಲಿ, ಮ್ಯಾಕ್ (Mach) ಎಂಬ ಮೈಕ್ರೋಕರ್ನಲ್ ಮೇಲೆ. ಅಲ್ಲಿ ತೆರೆದ ಫೈಲುಗಳ ಪಟ್ಟಿ ಕರ್ನಲ್‌ನಲ್ಲೂ ಇಲ್ಲ, ಯಾವ ಸರ್ವರ್‌ನಲ್ಲೂ ಇಲ್ಲ. ಅದು ನಮ್ಮದೇ ಪ್ರೊಸೆಸ್‌ನ ಮೆಮೊರಿಯಲ್ಲಿ, ಸಿ ಲೈಬ್ರರಿಯ ವಶದಲ್ಲಿದೆ. ನಾವು ಮೂರು, ನಾಲ್ಕು ಎಂದು ಕರೆಯುವ ಫೈಲ್ ಸಂಖ್ಯೆ ಆ ಪಟ್ಟಿಯ ಒಂದು ಸಾಲು. ಆ ಸಾಲಿನಲ್ಲಿರುವುದು ಒಂದು ಪೋರ್ಟ್, ಅಂದರೆ ಯಾವುದೋ ಒಂದು ಸರ್ವರ್‌ಗೆ ಸಂದೇಶ ಕಳುಹಿಸುವ ಹಕ್ಕು. ಫೈಲ್ ತೆರೆಯುವಾಗ ಇನ್ನೂ ಸೊಗಸು. ಲೈಬ್ರರಿ ಮೂಲ ಡೈರೆಕ್ಟರಿಯ ಸರ್ವರನ್ನು ಕೇಳುತ್ತದೆ. ಆ ಸರ್ವರ್ ಹೆಸರಿನ ಸ್ವಲ್ಪ ಭಾಗವನ್ನು ಬಿಡಿಸಿ, "ಇಲ್ಲಿಂದ ಮುಂದಿನದು ನನ್ನದಲ್ಲ, ಇಗೋ ಆ ಸರ್ವರ್‌ನ ಪೋರ್ಟ್, ಉಳಿದ ಹೆಸರನ್ನು ಅಲ್ಲಿ ಕೇಳು" ಎಂದು ಉತ್ತರ ಕೊಡಬಹುದು. ಲೈಬ್ರರಿ ಅಲ್ಲಿಗೆ ಹೋಗಿ ಮತ್ತೆ ಕೇಳುತ್ತದೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಾಗದ ಹಿಡಿದು ಓಡಾಡುವುದನ್ನು ಸಣ್ಣವನಿದ್ದಾಗ ಅಪ್ಪನ ಜೊತೆ ನಾನು ಬಹಳ ನೋಡಿದ್ದೇನೆ.

ನಿಲ್ಲು, ಮುಗಿಸು ಎಂದು ಪ್ರೊಸೆಸ್‌ಗೆ ಕೊಡುವ ಸೂಚನೆಗಳು, ಅಂದರೆ ಸಿಗ್ನಲ್‌ಗಳ ಕಥೆಯೂ ಹಾಗೆಯೇ. ಹರ್ಡ್‌ನಲ್ಲಿ ಪ್ರತಿ ಪ್ರೊಸೆಸ್‌ನೊಳಗೂ ಸಿ ಲೈಬ್ರರಿ ಸದ್ದಿಲ್ಲದೆ ಒಂದು ಹೆಚ್ಚುವರಿ ಥ್ರೆಡ್, ಅಂದರೆ ಜೊತೆಜೊತೆಗೇ ಓಡುವ ಇನ್ನೊಂದು ಎಳೆ, ನಡೆಸುತ್ತದೆ. ಸಿಗ್ನಲ್ ಎಂದರೆ ಆ ಥ್ರೆಡ್‌ಗೆ ಬರುವ ಸಂದೇಶ. ಇನ್ನು ಒಂದು ಪ್ರೊಸೆಸ್ ತನ್ನದೇ ನಕಲನ್ನು ಹುಟ್ಟಿಸುವ ಫೋರ್ಕ್! ಲಿನಕ್ಸ್‌ನಲ್ಲಿ ಕರ್ನಲ್ ಮಾಡುವ ಆ ಕೆಲಸದ ಬಹುಪಾಲನ್ನು ಹರ್ಡ್‌ನಲ್ಲಿ ಸಿ ಲೈಬ್ರರಿಯೇ ಮಾಡುತ್ತದೆ. ಹೊಸ ಟಾಸ್ಕ್ (ಮ್ಯಾಕ್‌ನ ಭಾಷೆಯಲ್ಲಿ ಪ್ರೊಸೆಸ್) ಒಂದನ್ನು ಕೇಳಿ ಪಡೆದು, ತನ್ನ ಬಳಿಯಿರುವ ಪೋರ್ಟುಗಳನ್ನು ಒಂದೊಂದಾಗಿ ಎಣಿಸಿ ಮಗುವಿಗೆ ದಾಟಿಸಿ, ಥ್ರೆಡ್‌ನ ಸ್ಥಿತಿಯನ್ನು ಕೈಯಾರೆ ಜೋಡಿಸಿ, ಆಮೇಲೆ ಓಡಿಸುತ್ತದೆ. ನೂರಾರು ಸಾಲುಗಳ ಒಂದೇ ಫಂಕ್ಷನ್. ಅದನ್ನು ಓದಿದ ಮೇಲೆ ಫೋರ್ಕ್ ಎಷ್ಟು ಭಾರದ ಕೆಲಸ ಎಂಬುದು ನನಗೆ ಮೊದಲ ಸಲ ಅರ್ಥವಾಯಿತು. ಗೂಗಲ್‌ನವರ ಫ್ಯೂಷಿಯಾ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಫೋರ್ಕ್ ಇಲ್ಲವೇ ಇಲ್ಲ. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಸಂದೇಶ ಓಡಾಡಿದರೆ ನಿಧಾನವಾಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುತ್ತಿತ್ತು. ಮ್ಯಾಕ್‌ನ ಕಾಲದಲ್ಲಿ ಮೈಕ್ರೋಕರ್ನಲ್‌ಗೆ ಕೆಟ್ಟ ಹೆಸರು ಬಂದದ್ದೇ ಅದರಿಂದ. ಜರ್ಮನಿಯ ಯೋಖೆನ್ ಲೀಡ್ಕೆ 1993ರಲ್ಲಿ ಸಣ್ಣ ಸಂದೇಶಗಳನ್ನು ಮ್ಯಾಕ್‌ಗಿಂತ ಸುಮಾರು ಇಪ್ಪತ್ತು ಪಟ್ಟು ವೇಗವಾಗಿ ಒಯ್ದು ತೋರಿಸಿದರು. ಅವರು ಬರೆದ ಎಲ್4 ಮೈಕ್ರೋಕರ್ನಲ್‌ನ ಪರಂಪರೆಯಿಂದಲೇ ಸೆಲ್‌ಫೋರ್ (seL4) ಬಂತು. ಸುಮಾರು 8,700 ಸಾಲುಗಳ ಆ ಕರ್ನಲ್ ತನ್ನ ವಿವರಣೆಗೆ ತಕ್ಕಂತೆಯೇ ನಡೆಯುತ್ತದೆ ಎಂದು 2009ರಲ್ಲಿ ಗಣಿತದ ಮೂಲಕ ಸಾಧಿಸಿದರು.

ಕರ್ನಲ್ ಎಷ್ಟೇ ವೇಗವಾಗಿದ್ದರೂ ಲೈಬ್ರರಿ ಜಾಣತನ ತೋರಲೇಬೇಕು. ಪರದೆಗೆ ಬರೆಯುವ ಪ್ರಿಂಟ್‌ಎಫ್ ಅಕ್ಷರಗಳನ್ನು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟು ಒಟ್ಟಿಗೆ ಕಳುಹಿಸುತ್ತದೆ ಎಂದು ನಾವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಪ್ರಯೋಗಾಲಯದಲ್ಲಿ ಸೆಟ್‌ವಿಬಫ್ ಬಳಸಿ ಬಫರ್ ತೆಗೆಸಿ, ಸಾವಿರ ಅಕ್ಷರಗಳನ್ನು ಒಂದೊಂದಾಗಿ ಬರೆಸಿ ನೋಡಿ. ಸಾವಿರ ಸಂದೇಶ, ಸಾವಿರ ಉತ್ತರ. ಅದೂ ನಮ್ಮಿಂದ ಫೈಲ್ ಸರ್ವರ್‌ವರೆಗೆ ಮಾತ್ರ, ಅಲ್ಲಿಂದ ಟರ್ಮಿನಲ್ ಡ್ರೈವರ್‌ವರೆಗಿನದು ಬೇರೆ. ಬಫರ್ ಏಕೆ ಬೇಕು ಎಂದು ಆಮೇಲೆ ಯಾರಿಗೂ ಉಪನ್ಯಾಸ ಕೊಡಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು ಇದು: ಪ್ರೋಗ್ರಾಂ ಮತ್ತು ಆಪರೇಟಿಂಗ್ ಸಿಸ್ಟಂ ನಡುವಿನ ಒಪ್ಪಂದ ಇರುವುದು ಸಿ ಲೈಬ್ರರಿಯ ಬಾಗಿಲಲ್ಲಿ, ಕರ್ನಲ್‌ನ ಬಾಗಿಲಲ್ಲಿ ಅಲ್ಲ. ಪಾಸಿಕ್ಸ್ ಎಂಬ ಮಾನದಂಡ 1988ರಲ್ಲಿ ಬಂದಾಗ ರೈಟ್ ಎಂಬ ಫಂಕ್ಷನ್ ಏನು ತೆಗೆದುಕೊಳ್ಳಬೇಕು, ಏನು ಕೊಡಬೇಕು ಎಂದು ಬರೆಯಿತು. ಒಳಗೆ ಕರ್ನಲ್‌ಗೆ ಜಿಗಿಯಬೇಕೋ ಸಂದೇಶ ಕಳುಹಿಸಬೇಕೋ ಎಂಬುದನ್ನು ಬರೆಯಲಿಲ್ಲ. ಕಾರುಗಳಲ್ಲಿ ಕೆಲಸ ಮಾಡುವ ಕ್ಯೂಎನ್ಎಕ್ಸ್ ಕೂಡ ಮೈಕ್ರೋಕರ್ನಲ್. ಅಲ್ಲೂ ರೀಡ್ ಎಂದರೆ ಲೈಬ್ರರಿ ಕಟ್ಟುವ ಸಂದೇಶ. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಲೈಬ್ರರಿಯನ್ನು ಬಿಟ್ಟು ನೇರವಾಗಿ ಕರ್ನಲ್ ಕರೆಯುತ್ತಿದ್ದರು. 2019ರ 1.12ನೇ ಆವೃತ್ತಿಯಲ್ಲಿ ಆ ದಾರಿ ಬಿಟ್ಟು ಸಿಸ್ಟಂ ಲೈಬ್ರರಿಯ ಮೂಲಕವೇ ಹೋಗತೊಡಗಿದರು. ಸೆಲ್‌ಫೋರ್ ಬಳಗದವರು ಲಿನಕ್ಸ್‌ಗೆಂದು ಬರೆದ ಮಸ್ಲ್ ಎಂಬ ಸಿ ಲೈಬ್ರರಿಯನ್ನೇ ತಂದು, ಅದು ಕರ್ನಲ್‌ಗೆ ಜಿಗಿಯುತ್ತಿದ್ದ ಜಾಗದಲ್ಲಿ ಒಂದು ಸಾಮಾನ್ಯ ಫಂಕ್ಷನ್ ಕರೆಯನ್ನು ಇಟ್ಟರು. ಮಸ್ಲ್ ತಾನು ಲಿನಕ್ಸ್ ಮೇಲೆಯೇ ಇದ್ದೇನೆ ಎಂದುಕೊಂಡು ಸಂಖ್ಯೆ ಕೊಡುತ್ತದೆ. ಆ ಫಂಕ್ಷನ್ ಪಟ್ಟಿ ನೋಡಿ, ಆ ಸಂಖ್ಯೆಯ ಕೆಲಸವನ್ನು ಮಾಡುವ ಇನ್ನೊಂದು ಫಂಕ್ಷನ್‌ಗೆ ಕಳುಹಿಸುತ್ತದೆ. ಇಷ್ಟು ಉದಾಹರಣೆಗಳು ಕಣ್ಣ ಮುಂದೆ ಇರುವಾಗ ನಮ್ಮ ಪಾಠದಲ್ಲಿ ಸಿ ಲೈಬ್ರರಿಗೆ ಒಂದು ಪುಟವೂ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಿಂದೊಮ್ಮೆ ಮೌಲ್ಯಮಾಪನಕ್ಕೆ ಹೋದಾಗ ಒಂದು ಉತ್ತರಪತ್ರಿಕೆಯಲ್ಲಿ, "ಸಿಸ್ಟಂ ಕಾಲ್ ಯಾವಾಗಲೂ ಕರ್ನಲ್ ಸೇವೆಯಾಗಿರಬೇಕಿಲ್ಲ, ಸರ್ವರ್‌ಗೆ ಕಳುಹಿಸಿದ ಸಂದೇಶವೂ ಆಗಿರಬಹುದು" ಎಂದು ಯಾರೋ ಬರೆದಿದ್ದರು. ಮಾದರಿ ಉತ್ತರದಲ್ಲಿ ಅದು ಇರಲಿಲ್ಲ. ಅಂಕ ಕೊಡಬೇಕೆಂದು ವಾದ ಮಾಡಿದೆ, ಕೊಡಿಸಲು ಆಗಲಿಲ್ಲ. ಆ ಉತ್ತರ ಬರೆದವರು ಯಾರೋ ಗೊತ್ತಿಲ್ಲ. ಲಿಂಗಸುಗೂರಿನವರೋ, ಕೊಪ್ಪಳದವರೋ, ಬಳ್ಳಾರಿಯವರೋ. ಅವರು ಬರೆದದ್ದು ಸರಿಯಾಗಿತ್ತು ಎಂದು ಇಲ್ಲಾದರೂ ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲಿ ಆಗುವಷ್ಟನ್ನು ಬದಲಿಸಲು ಹೊರಟಿದ್ದೇನೆ. ಬರುವ ಸೆಮಿಸ್ಟರ್‌ನಿಂದ ಮೊದಲ ಪ್ರಯೋಗ ಕರ್ನಲ್‌ನಿಂದ ಶುರುವಾಗುವುದಿಲ್ಲ. ನ್ಯೂಲಿಬ್ ಎಂಬ ಸಣ್ಣ ಸಿ ಲೈಬ್ರರಿ ಇದೆ. ಹೊಸ ಯಂತ್ರಕ್ಕೆ ಅದನ್ನು ಕೂರಿಸಬೇಕಾದರೆ ಕೆಳಗಿನ ಇಪ್ಪತ್ತರ ಆಸುಪಾಸಿನ ಫಂಕ್ಷನ್‌ಗಳನ್ನು ನಾವೇ ಬರೆದುಕೊಡಬೇಕು: ರೈಟ್, ರೀಡ್, ಮೆಮೊರಿ ಕೇಳುವ ಎಸ್‌ಬಿಆರ್‌ಕೆ, ಹೀಗೆ. ವಿದ್ಯಾರ್ಥಿಗಳು ಆ ರೈಟ್ ಒಳಗೆ ಸಂದೇಶ ಕಟ್ಟಿ ಇನ್ನೊಂದು ಪ್ರೊಸೆಸ್‌ಗೆ ಕಳುಹಿಸಬೇಕು, ಅದು ಪರದೆಯ ಮೇಲೆ ಬರೆಯಬೇಕು.

ಆ ಸಿಂಧನೂರಿನ ಹುಡುಗಿ ಸೆಮಿಸ್ಟರ್‌ಗಾಗಿ ಕಾಯಲಿಲ್ಲ, ನಾಲ್ಕು ದಿನ ಕೂತು ಮಾಡಿಯೇಬಿಟ್ಟಳು. ನಿನ್ನೆ ಸಂಜೆ ಅವಳ ಪರದೆಯ ಮೇಲೆ "ನಮಸ್ಕಾರ" ಎಂಬ ಪದ ಬಂತು, ಅವಳೇ ಕಟ್ಟಿದ ಸಂದೇಶದ ಮೂಲಕ. ಆಮೇಲೆ ಸರ್ವರ್ ಪ್ರೊಸೆಸ್ಸನ್ನು ಬೇಕೆಂದೇ ಕೊಂದು ಮತ್ತೆ ರೈಟ್ ಕರೆದಳು. ಪ್ರೋಗ್ರಾಂ ಉತ್ತರಕ್ಕಾಗಿ ಕಾಯುತ್ತಾ ಹಾಗೆಯೇ ನಿಂತುಬಿಟ್ಟಿತು. "ಸರ್ವರ್ ನಡುವೆಯೇ ಸತ್ತರೆ ರೈಟ್ ಏನು ಹೇಳಬೇಕು ಸರ್? ಅರ್ಧ ಬರೆದಿದ್ದರೆ?" ಎಂದು ಕೇಳಿದಳು. ಮಿನಿಕ್ಸ್‌ನಲ್ಲಿ ಸತ್ತ ಡ್ರೈವರನ್ನು ಮತ್ತೆ ಎಬ್ಬಿಸಲೆಂದೇ ಒಂದು ಸರ್ವರ್ ಇದೆ ಎಂದು ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಎದ್ದು ಬಂದ ಸರ್ವರ್‌ಗೆ ನನ್ನ ಮೂರನೇ ಫೈಲ್ ಯಾವುದು ಎಂದು ಯಾರು ಹೇಳಬೇಕು ಎಂದು ಮರುಪ್ರಶ್ನೆ ಹಾಕಿದಳು.

ಈ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಪ್ರಯೋಗಾಲಯ ತೆರೆದಿರುತ್ತದೆ. ಅದೇ ಪ್ರಶ್ನೆಯನ್ನು ಹಿಡಿದು ಕೂರುತ್ತೇವೆ. ಮಿನಿಕ್ಸ್‌ನ ಆ ಏಳು ಸಾಲುಗಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆದು ಪ್ರತಿ ತೆಗೆಸಿಟ್ಟಿದ್ದೇನೆ. ಬೇರೆ ಕಾಲೇಜಿನ ಮಕ್ಕಳೂ ಬರಬಹುದು, ಕಲಿಸುವವರೂ ಬರಬಹುದು.