ಹಿಂದೆ ಕೂರುವವರನ್ನು ಕೇಳಿ ಶಾಕಬ್ಸರ್ ಬದಲಾಯಿಸಿ

ಹಳೆ ಬೈಕಿಗೆ ಒಂದಿಷ್ಟು ದುಡ್ಡು ಹಾಕಬೇಕು ಅಂದುಕೊಂಡಿದ್ದೀರಾ? ಮೊದಲು ಗುಂಡಿಯ ಹೊಡೆತ ತಡೆಯುವ ಹಿಂದಿನ ಎರಡು ಶಾಕಬ್ಸರ್‌ಗೆ ಹಾಕಿ. ಪೇಂಟು, ಸ್ಟಿಕ್ಕರ್, ಸೀಟ್ ಕವರ್, ಹೊಸ ಸೈಲೆನ್ಸರ್ ಎಲ್ಲಾ ಆಮೇಲೆ. ಹಿಂದಿನ ಸೀಟಿನಲ್ಲಿ ಕೂರುವವಳಾಗಿ ಈ ಮಾತು ಹೇಳುತ್ತಿದ್ದೇನೆ. ನಮ್ಮಲ್ಲಿ ಬೈಕಿನ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಡಿಮೆ ಹ್ಯಾಂಡಲ್ ಹಿಡಿಯುವವರೇ. ಮೈಲೇಜ್, ಪಿಕಪ್, ಇಂಜಿನ್ ಸೌಂಡ್ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ. ಹಿಂದೆ ಕೂತಿದ್ದ ಹೆಂಡತಿ, ಅಮ್ಮ, ಮಗು ಹೇಗೆ ಬಂದರು ಅನ್ನುವುದು ಆ ಮಾತಿನಲ್ಲಿ ಬರುವುದೇ ಇಲ್ಲ.

ನಮ್ಮ ಮನೆಯಲ್ಲಿರುವುದು ಸ್ಪ್ಲೆಂಡರ್ ಪ್ಲಸ್. ಹೀರೋ, ಹೋಂಡಾ ಎರಡೂ ಇನ್ನೂ ಜೊತೆಗಿದ್ದ ಕಾಲದ್ದು. ಇಂಜಿನ್ ಇವತ್ತಿಗೂ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಇಂಜಿನ್ ಚೆನ್ನಾಗಿದ್ದರೆ ಗಾಡಿ ಚೆನ್ನಾಗಿದೆ ಅಂತ ಎಲ್ಲರೂ ತೀರ್ಮಾನ ಮಾಡಿಬಿಡುತ್ತಾರೆ. ಇಂಜಿನ್ ಕೆಟ್ಟರೆ ಗಾಡಿ ನಿಂತುಹೋಗುತ್ತದೆ, ರಿಪೇರಿ ಮಾಡಿಸದೆ ಬೇರೆ ದಾರಿ ಇಲ್ಲ. ಶಾಕಬ್ಸರ್ ಹಾಗಲ್ಲ. ಅದು ದಿನಾ ಒಂದು ಚೂರು ಸೋಲುತ್ತಾ ಹೋಗುತ್ತದೆ, ಓಡಿಸುವವರಿಗೆ ಹಾಗೇ ಅಭ್ಯಾಸ ಆಗುತ್ತಾ ಹೋಗುತ್ತದೆ.

ಓಡಿಸುವವರನ್ನು ದೂರಿ ಪ್ರಯೋಜನ ಇಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಅವರು ಕೂರುವುದು ಎರಡು ಚಕ್ರಗಳ ನಡುವೆ. ಗುಂಡಿ ಅವರ ಕಣ್ಣಿಗೆ ಕಾಣುತ್ತದೆ, ಮೈ ಮೊದಲೇ ಸಿದ್ಧವಾಗುತ್ತದೆ. ಬೇಕಾದರೆ ಫುಟ್‌ರೆಸ್ಟ್ ಮೇಲೆ ಕಾಲೂರಿ ಸೀಟಿನಿಂದ ಒಂದು ಇಂಚು ಎದ್ದುಬಿಡುತ್ತಾರೆ. ಹಿಂದೆ ಕೂತವರು ಇರುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆಯೇ. ಮುಂದೆ ಏನಿದೆ ಅಂತ ಕಾಣುವುದಿಲ್ಲ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತಿದ್ದರೆ ಕಾಲೂರಿ ಏಳುವ ಮಾತೂ ಇಲ್ಲ. ಸೊಂಟ ಒಂದು ಕಡೆ ತಿರುಗಿರುತ್ತದೆ, ಹೊಡೆತ ನೇರವಾಗಿ ಬೆನ್ನುಮೂಳೆಗೆ. ನಮ್ಮ ಅತ್ತೆಯವರಿಗೆ ಮೊದಲೇ ಸೊಂಟ ನೋವು. ಸಂತೆಗೆ ಹೊರಟರೆ "ನೀವು ಹೋಗಿ, ನಾನು ಬಸ್ಸಿಗೆ ಬರ್ತೀನಿ" ಅನ್ನಲು ಶುರು ಮಾಡಿದ್ದರು. ಬಸ್ಸು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲದ ಊರು ನಮ್ಮದು. ಆದರೂ ಬಸ್ಸೇ ವಾಸಿ ಅನ್ನಿಸಿತ್ತು ಅವರಿಗೆ.

ಗ್ಯಾರೇಜಿಗೆ ಹೋದರೆ ಸಿಗುವ ಮೊದಲ ಪರಿಹಾರ "ಶಾಕ್ ಟೈಟ್ ಮಾಡಿಕೊಡ್ತೀನಿ ಬಿಡಿ ಸಾರ್" ಅನ್ನುವುದು. ಈ ಟೈಟ್ ಮಾಡುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದುಡ್ಡು, ಸಮಯ ಎರಡೂ ಜಾಸ್ತಿ ಹಾಳಾಗುವುದು ಇಲ್ಲೇ.

ಶಾಕಬ್ಸರ್‌ನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಹೊರಗೆ ಕಾಣುವುದು ಸ್ಪ್ರಿಂಗು. ಒಳಗಿರುವುದು ಆಯಿಲ್ ತುಂಬಿದ ಕೊಳವೆ, ಅದರೊಳಗೆ ಒಂದು ರಾಡು, ಅದರ ತುದಿಯಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗುತ್ತದೆ. ಆದರೆ ಸ್ಪ್ರಿಂಗು ಹೊಡೆತವನ್ನು ನುಂಗುವುದಿಲ್ಲ, ಸುಮ್ನೆ ಹಿಡಿದಿಟ್ಟುಕೊಂಡು ಮರುಕ್ಷಣ ವಾಪಸ್ ಎಸೆಯುತ್ತದೆ. ಆ ಎಸೆತವನ್ನು ತಡೆಯುವುದು ಒಳಗಿನ ಆಯಿಲ್. ಸಣ್ಣ ತೂತಿನಲ್ಲಿ ನುಗ್ಗಬೇಕಾಗಿ ಬಂದಾಗ ಅದು ಹೊಡೆತದ ಶಕ್ತಿಯನ್ನು ಶಾಖ ಮಾಡಿ ಹೊರಗೆ ಬಿಡುತ್ತದೆ. ವರ್ಷಗಳು ಕಳೆದಂತೆ ಆಯಿಲ್ ಹೊರಗೆ ಬರದಂತೆ ತಡೆಯುವ ಸೀಲ್ ಸವೆಯುತ್ತದೆ, ಆಯಿಲ್ ಸೋರುತ್ತದೆ, ಉಳಿದ ಆಯಿಲ್‌ಗೆ ಗಾಳಿ ಸೇರಿ ನೊರೆಯಾಗುತ್ತದೆ. ಆಗ ಉಳಿಯುವುದು ಬರೀ ಸ್ಪ್ರಿಂಗು.

ಮೆಕ್ಯಾನಿಕ್ ಕೊಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸುವುದು ಸ್ಪ್ರಿಂಗಿನ ಬುಡದಲ್ಲಿರುವ ಮೆಟ್ಟಿಲು ಮೆಟ್ಟಿಲಾದ ಬಳೆಯನ್ನು. ಸ್ಪ್ಲೆಂಡರ್ ಪ್ಲಸ್‌ನಲ್ಲಿ ಅದಕ್ಕೆ 5 ಹಂತ. ಮೇಲಿನ ಹಂತಕ್ಕೆ ಹಾಕಿದರೆ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅಮುಕಿ ಇಟ್ಟಂತೆ. ಹಿಂಭಾಗ ಎತ್ತರ ನಿಲ್ಲುತ್ತದೆ, ಭಾರಕ್ಕೆ ಬೇಗ ಕುಸಿಯುವುದಿಲ್ಲ. ಒಳಗಿನ ಆಯಿಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಆಯಿಲ್ ಹೋಗಿರುವ ಶಾಕ್ ಟೈಟ್ ಮಾಡಿಸಿದರೆ ಎಸೆತ ಇನ್ನೂ ಜಾಸ್ತಿಯಾಗುತ್ತದೆ. ಹಿಂದೆ ಕೂತವರು ಮೊದಲು ಕುಸಿದು ಬೀಳುತ್ತಿದ್ದರು, ಈಗ ಹಾರಿ ಬೀಳುತ್ತಾರೆ, ಅಷ್ಟೇ.

ನಿಮ್ಮ ಗಾಡಿಯ ಶಾಕ್ ಹೋಗಿದೆಯಾ ಅಂತ ಮನೆ ಮುಂದೆಯೇ ನೋಡಬಹುದು. ಹಿಂದಿನ ಸೀಟನ್ನು ಎರಡೂ ಕೈಯಿಂದ ಜೋರಾಗಿ ಅಮುಕಿ ಬಿಡಿ. ಒಂದು ಸಲ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಒಳಗೆ ಏನೂ ಉಳಿದಿಲ್ಲ. ರಾಡಿನ ಸುತ್ತ ಕೈ ಆಡಿಸಿ, ಎಣ್ಣೆ ಎಣ್ಣೆಯಾದ ಧೂಳು ಕೈಗೆ ಬಂದರೆ ಸೀಲ್ ಹೋಗಿದೆ. ಹಿಂದಿನ ಟೈರ್ ಒಂದೇ ಸಮ ಸವೆಯದೆ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಓಡಿದೆ ಅಂತ ಅನುಮಾನ ಪಡಿ. ಇನ್ನೊಂದು ಉಪಾಯ ಇದೆ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಂದು, ಸೈಲೆನ್ಸರ್ ತಾಗದಂತೆ ಎಚ್ಚರ ವಹಿಸಿ ಎರಡೂ ಶಾಕಿನ ಕೊಳವೆ ಮುಟ್ಟಿ ನೋಡಿ. ಕೆಲಸ ಮಾಡುವುದು ಸ್ವಲ್ಪ ಬೆಚ್ಚಗಾಗಿರುತ್ತದೆ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದರ ಕಥೆ ಮುಗಿದಿದೆ.

ಬರೀ ಸೊಂಟದ ವಿಷಯವೂ ಅಲ್ಲ ಇದು. ಚಕ್ರ ಕುಣಿಯುವಾಗ ನೆಲ ಬಿಟ್ಟಿರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿದರೇನು, ಬಿಟ್ಟರೇನು? ಇಬ್ಬರು ಕೂತು ಹಿಂಭಾಗ ಕುಸಿದರೆ ಹೆಡ್‌ಲೈಟ್ ಮೇಲಕ್ಕೆ ಏಳುತ್ತದೆ, ರಾತ್ರಿ ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಸ್ಪ್ಲೆಂಡರಿನ ತೂಕ ಸುಮಾರು 110 ಕೆಜಿ. ಇಬ್ಬರು ದೊಡ್ಡವರು, ಒಂದು ಮಗು, ಒಂದು ಚೀಲ ಅಕ್ಕಿ ಅಂದರೆ ಗಾಡಿಗಿಂತ ಗಾಡಿ ಮೇಲಿನ ಭಾರವೇ ಜಾಸ್ತಿ. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಹಿಂದಿನ ಚಕ್ರದ ಮೇಲೆ.

ಈಗ ರಿಪೇರಿಯ ಮಾತು. ಹಳೆ ಶಾಕನ್ನೇ "ರೀಕಂಡೀಷನ್" ಮಾಡಿಕೊಡುತ್ತೇವೆ ಅನ್ನುವವರು ಎಲ್ಲಾ ಊರಿನಲ್ಲೂ ಇದ್ದಾರೆ. ಹಳೆ ಶಾಕ್ ರಿಪೇರಿ ಆಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಸುಮ್ನೆ ಬಂದಿದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅಲ್ಲಿಂದ ಬಂದ ಜಾವಾ, ಯೆಜ್ಡಿ ಬೈಕುಗಳು ಇವತ್ತಿಗೂ ಓಡುತ್ತಿವೆ. ಅವುಗಳ ಶಾಕ್ ಬಿಚ್ಚಿ ಸೀಲ್, ಆಯಿಲ್ ಬದಲಾಯಿಸಿ ಮತ್ತೆ ಕೂರಿಸಬಹುದು. ಆ ಕೆಲಸ ಗೊತ್ತಿರುವ ಹಿರಿಯ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಸ್ಪ್ಲೆಂಡರಿನಂಥ ಗಾಡಿಗಳ ಶಾಕ್ ಕಾರ್ಖಾನೆಯಲ್ಲೇ ಬಾಯಿ ಮಡಚಿ ಮುಚ್ಚಿದ್ದು, ಬಿಚ್ಚಲೆಂದು ಮಾಡಿದ್ದಲ್ಲ. ಅದರ ಬಾಯಿ ಕತ್ತರಿಸಿ, ಯಾವುದೋ ಗಟ್ಟಿ ಆಯಿಲ್ ಸುರಿದು, ಮತ್ತೆ ಮುಚ್ಚಿ ಕೊಡುತ್ತಾರೆ. ಗಟ್ಟಿ ಆಯಿಲ್ ಸಣ್ಣ ತೂತಿನಲ್ಲಿ ಸಲೀಸಾಗಿ ಹೋಗುವುದಿಲ್ಲ. ಸಣ್ಣ ಗುಂಡಿಗೂ ಶಾಕ್ ಕಬ್ಬಿಣದ ಕಂಬದಂತೆ ನಿಲ್ಲುತ್ತದೆ. ಸವೆದ ರಾಡು ಹೊಸ ಸೀಲನ್ನೂ ಬೇಗ ತಿನ್ನುತ್ತದೆ. ಗ್ಯಾಸ್ ತುಂಬಿದ ಶಾಕನ್ನಂತೂ ಯಾರೂ ಕತ್ತರಿಸಲು ಹೋಗಬಾರದು. ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ, ಕೈ ಕಣ್ಣಿಗೆ ಅಪಾಯ.

ಹಾಗಾಗಿ ಹೊಸ ಜೊತೆಯೇ ಹಾಕಿಸಿ. ಜೊತೆ ಅಂದರೆ ಎರಡೂ. ಸೋರುತ್ತಿರುವುದು ಒಂದೇ ಅಂತ ಒಂದನ್ನೇ ಬದಲಾಯಿಸಿದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್ ತಿರುಚುತ್ತದೆ, ತಿರುವಿನಲ್ಲಿ ಗಾಡಿ ಅಲುಗಾಡುತ್ತದೆ. ಕಂಪನಿಯ ಸ್ಪೇರ್ಸ್ ಅಂಗಡಿಯಲ್ಲಿ ನಿಮ್ಮ ಮಾಡೆಲ್‌ನದ್ದು ಸಿಕ್ಕರೆ ಬೇರೆ ಯೋಚನೆ ಬೇಡ. ಹೀರೋ ಹೋಂಡಾಕ್ಕೆ ಶಾಕ್ ಮಾಡಿಕೊಡುತ್ತಿದ್ದುದು ಮುಂಜಾಲ್ ಶೋವಾ. ಗೇಬ್ರಿಯಲ್, ಎಂಡ್ಯೂರೆನ್ಸ್ ಕೂಡ ಈ ಕೆಲಸದಲ್ಲಿ ಹಳಬರೇ. ಹೆಸರಿಲ್ಲದ, ಬಣ್ಣದ ಸ್ಪ್ರಿಂಗಿಗೆ ಸಿಲಿಂಡರ್ ಅಂಟಿಸಿದ ಶಾಕ್‌ಗಳ ಬಗ್ಗೆ ಎಚ್ಚರ. ಎಷ್ಟೋ ಸಲ ಆ ಸಿಲಿಂಡರಿನಲ್ಲಿ ಏನೂ ಇರುವುದಿಲ್ಲ, ಬರೀ ನೋಟಕ್ಕೆ.

ಉದ್ದದ ಬಗ್ಗೆ ಹುಡುಗರಿಗೆ ಒಂದು ಮಾತು. ಹಿಂಭಾಗ ಎತ್ತರ ಕಾಣಲಿ ಅಂತ ಉದ್ದದ ಶಾಕ್ ಹಾಕಬೇಡಿ. ಹ್ಯಾಂಡಲ್ ಬೇಕಾದ್ದಕ್ಕಿಂತ ಚುರುಕಾಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಜಾಸ್ತಿ ವಾಲುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡದೆ ಹೋಗಬಹುದು. ಹಿಂದೆ ಕೂರುವ ಅಮ್ಮ ಹತ್ತಿ ಇಳಿಯಲು ಪಡುವ ಕಷ್ಟ ಬೇರೆ. ಹಳೆ ಶಾಕಿನ ಮೇಲಿನ ತೂತಿನ ನಡುವಿಂದ ಕೆಳಗಿನ ತೂತಿನ ನಡುವಿನವರೆಗೆ ಟೇಪ್ ಹಿಡಿದು ಅಳೆದುಕೊಂಡು ಅಂಗಡಿಗೆ ಹೋಗಿ.

ಬದಲಾಯಿಸುವ ಕೆಲಸ ಕಷ್ಟದ್ದಲ್ಲ. ನಾನು, ನಮ್ಮ ಮನೆಯವರು ಅಂಗಳದಲ್ಲೇ ಮಾಡಿದೆವು. ಡಬಲ್ ಸ್ಟ್ಯಾಂಡ್ ಹಾಕಿ. ಒಂದು ಕಡೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಆಮೇಲೆ ಇನ್ನೊಂದು ಕಡೆಗೆ ಹೋಗಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಕ್ರ ಕೆಳಗೆ ಜೋತು ಬೀಳುತ್ತದೆ. ಸ್ಪ್ರಿಂಗ್ ಹಾರಿ ಬರುತ್ತದೆ ಅಂತ ಕೆಲವರು ಹೆದರುತ್ತಾರೆ. ಗಾಡಿಯಿಂದ ಶಾಕನ್ನು ಇಡಿಯಾಗಿ ತೆಗೆಯುವಾಗ ಹಾಗೆ ಆಗುವುದಿಲ್ಲ. ಶಾಕನ್ನೇ ಬಿಚ್ಚಲು ಹೋದರೆ ಮಾತ್ರ ಅಪಾಯ. ಬಲಗಡೆ ಕೆಳಗಿನ ಬೋಲ್ಟಿಗೆ ಸೈಲೆನ್ಸರ್ ಅಡ್ಡ ಬಂದರೆ ಅದನ್ನು ಸಡಿಲ ಮಾಡಿಕೊಳ್ಳಿ, ಸ್ಪ್ಯಾನರ್ ಓರೆ ಹಿಡಿದು ನಟ್ಟಿನ ಮೂಲೆ ಸವೆಸಬೇಡಿ. ವರ್ಷಗಟ್ಟಲೆ ಕೈ ಹಾಕದ ನಟ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಬೆಳಿಗ್ಗೆ ಕೆಲಸ ಸಲೀಸು. ವಾಷರ್ ಯಾವುದು ಒಳಗೆ, ಯಾವುದು ಹೊರಗೆ ಅಂತ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಶಾಕ್ ಕೂರುವ ಪಿನ್ನನ್ನು ವೈರ್ ಬ್ರಷ್‌ನಿಂದ ಉಜ್ಜಿ. ತೂತು ಸರಿಯಾಗಿ ಕೂರದಿದ್ದರೆ ಚಕ್ರದ ಕೆಳಗೆ ಒಂದು ಹಲಗೆ ಕೊಟ್ಟು ಸ್ವಲ್ಪ ಎತ್ತಿ, ಸುತ್ತಿಗೆ ಬೇಡ. ನಟ್ಟುಗಳ ಕೊನೆಯ ಬಿಗಿ ಮಾತ್ರ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದ ಮೇಲೆ. ಭಾರ ಬಿದ್ದ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಶಾಕಿನ ತೂತಿನೊಳಗಿರುವ ರಬ್ಬರ್ ಬುಶ್ ತಿರುಚಿಕೊಳ್ಳುವುದಿಲ್ಲ.

ಕೈ ಹಾಕಿದ್ದೀರಿ ಅಂದಮೇಲೆ ಹಿಂದಿನ ಚಕ್ರವನ್ನು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಸ್ವಿಂಗ್ ಆರ್ಮ್ ಬುಶ್ಶೋ, ಚಕ್ರದ ಬೇರಿಂಗೋ ಹೋಗಿರುತ್ತದೆ. ಅದನ್ನು ಬಿಟ್ಟು ಶಾಕ್ ಮಾತ್ರ ಹೊಸದು ಹಾಕಿದರೆ ಅರ್ಧ ಕೆಲಸ. ಕುಸಿದು ನಿಂತಿದ್ದ ಹಿಂಭಾಗ ಈಗ ಎದ್ದಿರುತ್ತದೆ, ಆದ್ದರಿಂದ ಚೈನಿನ ಸಡಿಲವನ್ನೂ ಇನ್ನೊಮ್ಮೆ ನೋಡಿ.

ಕಾನೂನು ಹಿಂದೆ ಕೂರುವವರ ಬಗ್ಗೆ ಸ್ವಲ್ಪವಾದರೂ ಯೋಚಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಹಿಂಬದಿ ಸವಾರರಿಗೆ ಹಿಡಿ, ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧ ಭಾಗಕ್ಕಾದರೂ ಮರೆ ಇರಬೇಕು. ಸೀರೆ ಗಾರ್ಡ್ ಇರುವುದು ಅದಕ್ಕೇ. ರಸ್ತೆಯ ಹಂಪ್‌ಗೂ ಅಳತೆ ಇದೆ. ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಕೊಟ್ಟ ಅಳತೆಯಂತೆ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಿತ್ತು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕಿತ್ತು. ನಮ್ಮ ಹಳ್ಳಿ ರಸ್ತೆಗಳಲ್ಲಿ ಮನೆಯವರೇ ಜಲ್ಲಿ ಸಿಮೆಂಟ್ ಸುರಿದು ಕಟ್ಟಿದ ಗೋಡೆಯಂಥ ಹಂಪುಗಳನ್ನು ನೋಡಿದ್ದೀರಲ್ವಾ? ಅವು ಸರಿಹೋಗುವ ತನಕ ಕಾಯುತ್ತಾ ಕೂರಲು ಆಗುವುದಿಲ್ಲ. ಶಾಕಬ್ಸರ್ ನಮ್ಮ ಕೈಯಲ್ಲಿದೆ.

ಹೊಸದು ಹಾಕಿದ ಮೇಲೆ ಅತ್ತೆಯವರನ್ನು ಕೂರಿಸಿಕೊಂಡು ನಮ್ಮ ಮನೆಯವರು ಕೆರೆ ಏರಿ ರಸ್ತೆಯಲ್ಲಿ ಹೋಗಿ ಬಂದರು. ಸೆಟ್ಟಿಂಗ್ ಮಾಡಿದ್ದು ಅತ್ತೆಯವರು ಹೇಳಿದಂತೆ. ನೀವೂ ಹಾಗೇ ಮಾಡಿ. ದಿನಾ ಹಿಂದೆ ಕೂರುವವರು ಯಾರೋ ಅವರನ್ನೇ ಕೂರಿಸಿಕೊಂಡು ನಿಮ್ಮ ಊರಿನ ಅತಿ ಕೆಟ್ಟ ಹಂಪ್ ದಾಟಿ, ಹೇಗಿತ್ತು ಅಂತ ಕೇಳಿ. ಬುಡ ಬಡಿದಂತಾಯಿತು ಅಂದರೆ ಬಳೆಯನ್ನು ಒಂದು ಹಂತ ಏರಿಸಿ. ಎತ್ತಿ ಎಸೆದಂತಾಯಿತು ಅಂದರೆ ಒಂದು ಹಂತ ಇಳಿಸಿ. ಎರಡೂ ಕಡೆ ಒಂದೇ ಹಂತದಲ್ಲಿರಲಿ. ಸ್ವಲ್ಪ ದಿನ ಓಡಿಸಿದ ಮೇಲೆ ನಾಲ್ಕೂ ಕಡೆಯ ನಟ್ಟು ಬೋಲ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.